ಕಕ್ಕಡ ಹದಿನೆಂಟರ ಮರುದಿನ

ಇವತ್ತು ಬೆಳಿಗ್ಗೆ ಹಾಲು ಕಾಯಲಿಟ್ಟು ಮೊಬೈಲು ತೆರೆದರೆ, ನಮ್ಮ ಕಟ್ಟಡದವರ ಗುಂಪಿನಲ್ಲಿ ಒಂದು ಕಲ್ಲಂಗಡಿ ಹಣ್ಣು ಕಪ್ಪು ಕನ್ನಡಕ ಹಾಕಿಕೊಂಡು ಕುಣಿಯುತ್ತಿತ್ತು. ಅಮೆರಿಕದಲ್ಲಿ ಇವತ್ತು ಕಲ್ಲಂಗಡಿ ದಿನವಂತೆ. ಕೆಳಗಿನ ಮನೆಯ ಗುಪ್ತಾಜಿ ಎಲ್ಲರಿಗೂ ಶುಭಾಶಯ ಕಳಿಸಿದ್ದರು. ನಾಲ್ಕು ಜನ ಕೈಮುಗಿದಿದ್ದರು, ಒಬ್ಬರು ಜೈ ಹಿಂದ್ ಅಂದಿದ್ದರು. ದೆಹಲಿಯ ನಮ್ಮ ಪೀತಮ್‌ಪುರದಲ್ಲಿ ಕಲ್ಲಂಗಡಿಯ ಕಾಲ ಮುಗಿದು ತಿಂಗಳಾಯಿತು. ಈಗ ಹೋಗಿ ಕೇಳಿದರೆ ಗಾಡಿಯ ಭಯ್ಯಾ ನಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾನೆ. ಏನಾದರೂ ಚುಚ್ಚಿ ಬರೆಯೋಣವೆಂದು ಬೆರಳು ಎತ್ತಿದ್ದೆ. ಅಷ್ಟರಲ್ಲಿ ಮೇಲಿನ ಮನೆಯಿಂದ ಆ ವಾಸನೆ ಇಳಿದು ಬಂತು. ಸೊಪ್ಪು ಬೇಯುವ ವಾಸನೆ. ಅರ್ಧ ಕಾಡಿನದು, ಅರ್ಧ ಹಳೇ ಆಯುರ್ವೇದದ ಅಂಗಡಿಯದು. ನಾನು ಒಬ್ಬಳೇ ನಿಂತು ನಕ್ಕೆ. ಆ ನಗುವಿನಲ್ಲಿ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ಈ ತಿಂಡಿ ದಿನಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ದೋಸೆಗೊಂದು ದಿನ, ಸಮೋಸಾಕ್ಕೊಂದು ದಿನ, ಪ್ಯಾನ್‌ಕೇಕಿಗೊಂದು ದಿನ. ನೆರೆಮನೆಯ ಬಾಗಿಲಲ್ಲಿ ಗುಟ್ಟಾಗಿ ತರಕಾರಿ ಇಟ್ಟು ಓಡಿಬರುವ ದಿನವೂ ಅಮೆರಿಕದಲ್ಲಿ ಇದೆಯಂತೆ. ಇಲ್ಲಿ ಹಾಗೆ ಮಾಡಿದರೆ ಮಾಟ ಮಾಡಿಸಿದ್ದಾರೆಂದು ಪೊಲೀಸರಿಗೆ ದೂರು ಹೋಗುತ್ತದೆ. ನಮ್ಮವರು ಮಾರ್ಕೆಟ್ಟಿನಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಕುಂದಾಪುರದ ಕಡೆಯಿಂದ ಬಂದವರು, ಇಡ್ಲಿ ಸಾಂಬಾರಿನ ಹೊರತು ಬೇರೆ ತತ್ವಜ್ಞಾನ ಇಲ್ಲದವರು. ಒಂದು ವರ್ಷ ಯಾರೋ ತಲೆಗೆ ತುಂಬಿದರೆಂದು ವಿಶ್ವ ಇಡ್ಲಿ ದಿನಕ್ಕೆ ಚಾಕೊಲೇಟ್ ಇಡ್ಲಿ ಮಾಡಿಸಿದರು. ಇಪ್ಪತ್ತು ವರ್ಷದಿಂದ ದಿನಾ ಬಂದು ಎರಡು ಇಡ್ಲಿ ತಿನ್ನುವ ಒಬ್ಬ ಸರ್ದಾರ್ಜಿ ಅದನ್ನು ಮುಟ್ಟದೆ ತಟ್ಟೆಯನ್ನು ಕೌಂಟರಿಗೆ ತಂದಿಟ್ಟು, ಮನೆಯಲ್ಲಿ ಎಲ್ಲ ಕ್ಷೇಮ ತಾನೆ ಎಂದು ನಮ್ಮವರನ್ನು ವಿಚಾರಿಸಿದರು. ಅಂದಿಗೆ ಆ ಪ್ರಯೋಗ ಮುಗಿಯಿತು.

ಆದರೆ ನಿಜ ಹೇಳಬೇಕೆಂದರೆ ನಗುವುದಕ್ಕೆ ನಾವೇನು ಕಡಿಮೆಯವರೆ? ನಮ್ಮ ಕಡೆ ಮಳೆಗಾಲದ ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲೇ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ, ಖಾಲಿ ಹೊಟ್ಟೆಗೆ ಕುಡಿಸುತ್ತಿದ್ದರು. ಕತ್ತಿ ತಾಗಿಸುವಂತಿಲ್ಲ. ಅದರ ಕಹಿಗೆ ಹೆಸರೇ ಇಲ್ಲ. ಅಜ್ಜಿ ಒಂದು ಕೈಯಲ್ಲಿ ನನ್ನ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ಲೋಟ ಎತ್ತುತ್ತಿದ್ದಳು, ಆಮೇಲೆ ಬಾಯಿಗೆ ಒಂದು ಚೂರು ಬೆಲ್ಲ. ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲವಂತೆ. ಸುಳಿಯುತ್ತಿತ್ತು, ಆದರೂ ಮುಂದಿನ ವರ್ಷ ಮತ್ತೆ ಕುಡಿಯುತ್ತಿದ್ದೆವು. ಯಾರೂ ಇದಕ್ಕೆ ಶುಭಾಶಯ ಕಳಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಕೊಡಗಿನವರದು ಇದಕ್ಕಿಂತ ರುಚಿಯಾದ ಹುಚ್ಚು. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಕಾಡಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿಕೊಳ್ಳುತ್ತದೆಂದು ಅವರ ನಂಬಿಕೆ. ಹಿಂದಿನ ದಿನ ಹದಿನೇಳೇ, ಮರುದಿನ ಮತ್ತೆ ಇಳಿಮುಖ. ಆ ದಿನವೇ ಸೊಪ್ಪು ಬೇಯಿಸಿ, ನೇರಳೆ ಬಣ್ಣದ ರಸ ಬಸಿದು, ಅಕ್ಕಿ ಬೆಲ್ಲ ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ಬಲು ರುಚಿ. ಅದರ ಒಂದೇ ಒಂದು ಗುಣವನ್ನು ಮಾತ್ರ ಮುಂಚೆಯೇ ತಿಳಿದಿರಬೇಕು. ಪಾಯಸ ತಿಂದ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಸ್ವಲ್ಪವಲ್ಲ, ಹೌಹಾರುವಷ್ಟು. ಯಾವ ಅಪಾಯವೂ ಇಲ್ಲ. ಮದ್ದು ಮೈಗೆ ಹತ್ತಿತು ಎನ್ನುವುದಕ್ಕೆ ಅದೇ ರುಜುವಾತು ಎಂದು ಅವರು ಸಂತೋಷಪಡುತ್ತಾರೆ.

ನಮ್ಮ ಮೇಲಿನ ಮನೆಯವರು ಸುಬೇದಾರ್ ಚೆಂಗಪ್ಪ, ಅವರ ಹೆಂಡತಿ ಬೊಳ್ಳಮ್ಮ. ಫೌಜಿನಿಂದ ನಿವೃತ್ತರಾದ ಮೇಲೆ ಮಾನೇಸರದ ಒಂದು ಕಾರ್ಖಾನೆಯಲ್ಲಿ ಭದ್ರತೆಯ ಕೆಲಸ ಹಿಡಿದು ಚೆಂಗಪ್ಪನವರು ದೆಹಲಿಯಲ್ಲೇ ಉಳಿದರು. ಮಾತು ಕಡಿಮೆ, ಇಸ್ತ್ರಿ ಹೆಚ್ಚು. ತರಕಾರಿ ತರಲು ಹೋಗುವಾಗಲೂ ಶೂ ಮಿರಿಮಿರಿ ಹೊಳೆಯಬೇಕು. ಪ್ರತಿ ವರ್ಷ ರಜೆ ಮುಗಿಸಿ ಬರುವ ಯಾರಾದರೂ ಜವಾನನ ಕೈಯಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ಕಟ್ಟು ರೈಲಿನಲ್ಲಿ ಬರುತ್ತದೆ. ಅವರು ಬಂದ ಮೊದಲ ವರ್ಷ ಬೊಳ್ಳಮ್ಮ ನನಗೂ ಒಂದು ಬಟ್ಟಲು ಕೊಟ್ಟರು, ವಿಷಯ ಹೇಳಲು ಮರೆತರು. ಮರುದಿನ ನಾನು ದೇವರ ಮುಂದೆ ದೀಪ ಹಚ್ಚಿ, ಒಡವೆ ಯಾರ್ಯಾರಿಗೆ ಎಂದು ಮನಸ್ಸಿನಲ್ಲೇ ಹಂಚಿ, ಕೊನೆಗೆ ಅಳುತ್ತ ಮೇಲೆ ಹೋದರೆ, ಆಕೆ ಚೌಕಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ನಾವು ಗೆಳತಿಯರು.

ಇಷ್ಟು ಬಲ್ಲ ನಾನೇ ನಾಲ್ಕು ವರ್ಷದ ಹಿಂದೆ ಆ ತಪ್ಪು ಮಾಡಿದೆ.

ಅವರ ಒಬ್ಬಳೇ ಮಗಳು ದೇಚು. ದೆಹಲಿಯಲ್ಲೇ ಬೆಳೆದವಳು, ಕನ್ನಡದಲ್ಲಿ ಹೊರಟ ವಾಕ್ಯ ಹಿಂದಿಯಲ್ಲಿ ಊಟ ಮಾಡಿ ಇಂಗ್ಲಿಷಿನಲ್ಲಿ ಮಲಗುತ್ತದೆ. ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್ ಕೋಚಿಂಗಿಗೆ ಹೋಗುತ್ತಿದ್ದಾಗ ಸಾಹಿಲ್ ಬತ್ರಾ ಎಂಬ ಹುಡುಗನ ಪರಿಚಯವಾಯಿತು. ಇಬ್ಬರೂ ಜೊತೆಯಾಗಿ ಓದಿ, ಜೊತೆಯಾಗಿ ಮೂರು ಸಲ ಫೇಲಾದರು. ಅಷ್ಟು ಸೋಲನ್ನು ಒಟ್ಟಿಗೆ ಕಂಡವರು ಸಂಸಾರ ಮಾಡಬಲ್ಲರು ಎನ್ನುವುದು ನನ್ನ ಅಭಿಪ್ರಾಯ. ಆಮೇಲೆ ಇಬ್ಬರಿಗೂ ಬೇರೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಮದುವೆಗೆ ಚೆಂಗಪ್ಪ ದಂಪತಿ ಒಪ್ಪಿದರು. ಒಪ್ಪದವರು ಹುಡುಗನ ಅಪ್ಪ.

ಬತ್ರಾಜಿಯವರದು ನಾಲ್ಕು ಬ್ಲಾಕ್ ಆಚೆ ಮನೆ, ಬಲ್ಬು ಫ್ಯಾನುಗಳ ಅಂಗಡಿ. ಈರುಳ್ಳಿಯನ್ನೂ ಮುಟ್ಟದ ಸಸ್ಯಾಹಾರಿ. ಹಂದಿ ತಿನ್ನುವ ಮನೆಯ ಹುಡುಗಿ ತನ್ನ ಅಡುಗೆಮನೆಗೆ ಬರುವುದೆ? ಜಾತಿ ಬೇರೆ, ಭಾಷೆ ಬೇರೆ, ನೆಂಟರಿಷ್ಟರಿಗೆ ಏನೆಂದು ಹೇಳುವುದು? ಎರಡು ವರ್ಷ ಅವರು ಇಲ್ಲ ಎಂದರು. ಅಪ್ಪ ಹೂಂ ಅನ್ನದೆ ತಾನು ಮದುವೆಯಾಗುವುದಿಲ್ಲ ಎಂದು ಸಾಹಿಲ್, ಕಾಯುವುದಕ್ಕೂ ಒಂದು ಮಿತಿ ಇದೆ ಎಂದು ದೇಚು. ಕೊನೆಗೆ ಮಗನ ಕಾಟಕ್ಕೆ ಬತ್ರಾಜಿ, ಒಂದು ಸಲ ಅವರ ಮನೆಗೆ ಬಂದು ಮುಖ ಕೊಟ್ಟು ಮಾತಾಡುತ್ತೇನೆ, ಆಮೇಲೆ ಈ ವಿಷಯ ಎತ್ತಕೂಡದು ಎಂದರಂತೆ. ಅವರಿಗೆ ಅನುಕೂಲವಾದ ಭಾನುವಾರ ಕಕ್ಕಡ ಹದಿನೆಂಟೇ ಆಗಿತ್ತು.

ಆ ದಿನ ಮನೆಗೆ ಬಂದವರಿಗೆ ಪಾಯಸ ಕೊಡದೆ ಕಳಿಸುವಂತಿಲ್ಲ. ಅಪ್ಪಟ ಸಸ್ಯಾಹಾರ ಬೇರೆ. ಬೊಳ್ಳಮ್ಮನಿಗೆ ಇದು ದೇವರೇ ಕೊಟ್ಟ ಅಡುಗೆ ಅನ್ನಿಸಿತು. ಆದರೆ ಮರುದಿನದ ವಿಷಯ ಹೇಳುವವರು ಯಾರು? ಬೀಗರಾಗಬೇಕಾದವರ ಎದುರು ಬಾಯಿಬಿಟ್ಟು ಮೂತ್ರದ ಬಣ್ಣ ಹೇಳಲು ಚೆಂಗಪ್ಪನವರಿಗೆ ಮರ್ಯಾದೆ ಅಡ್ಡ. ಅವರು ಅದನ್ನು ಹೆಂಡತಿಗೆ ವಹಿಸಿದರು. ಬೊಳ್ಳಮ್ಮ ನನಗೆ ವಹಿಸಿದರು. ಬತ್ರಾಜಿಯವರ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಕಿವಿಯಲ್ಲಿ ಹೇಳಿಬಿಡು, ನಿನ್ನದು ಬಾಯಿ ಚುರುಕು ಎಂದರು. ನನ್ನ ಬಾಯಿಯ ಖ್ಯಾತಿಯನ್ನು ನಂಬಿ ಕೆಟ್ಟವರಲ್ಲಿ ಆಕೆ ಮೊದಲಿಗರಲ್ಲ.

ಬತ್ರಾಜಿ ಬಂದರು. ದೊಡ್ಡ ಮೀಸೆ, ದೊಡ್ಡ ದನಿ. ಸೋಫಾದ ತುದಿಯಲ್ಲಿ, ಈಗಲೇ ಎದ್ದು ಹೋಗುವವರ ಹಾಗೆ ಕೂತರು. ಸಾಹಿಲ್ ಹೆದರಿಕೆಯಲ್ಲಿ ಬಟ್ಟಲನ್ನೂ ಮುಟ್ಟಲಿಲ್ಲ. ನೇರಳೆ ಪಾಯಸವನ್ನು ಬತ್ರಾಜಿ ಅನುಮಾನದಿಂದ ಒಂದು ಚಮಚ ಬಾಯಿಗಿಟ್ಟರು, ಇನ್ನೊಂದು ಇಟ್ಟರು, ಬಟ್ಟಲು ಖಾಲಿ ಮಾಡಿದರು. ಎರಡನೆಯದಕ್ಕೆ ಬೇಡ ಅನ್ನಲಿಲ್ಲ. ಮೂರನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು. ಅವರ ಹೆಂಡತಿ ಎರಡಕ್ಕೆ ನಿಲ್ಲಿಸಿದರು. ನಾನು ಆಕೆಯ ಪಕ್ಕದಲ್ಲೇ ಕೂತು, ಈ ಸಂಗತಿಗೆ ಹಿಂದಿಯಲ್ಲಿ ಮರ್ಯಾದಸ್ಥ ಮಾತು ಯಾವುದಿದೆ ಎಂದು ಹುಡುಕುತ್ತಿದ್ದೆ. ನನ್ನ ಹಿಂದಿ ಎಲ್ಲ ತರಕಾರಿ ಗಾಡಿಯವರಿಂದ ಕಲಿತದ್ದು. ಕೊನೆಗೆ ಒಂದು ವಾಕ್ಯ ಜೋಡಿಸಿಕೊಂಡು ಬಾಯಿ ತೆರೆಯುವುದಕ್ಕೂ ಬತ್ರಾಜಿ ಬಟ್ಟಲು ಕೆಳಗಿಡುವುದಕ್ಕೂ ಸರಿಹೋಯಿತು.

ಪಾಯಸ ಬಹಳ ಚೆನ್ನಾಗಿತ್ತು, ಇಂಥದ್ದು ಜನ್ಮದಲ್ಲಿ ತಿಂದಿರಲಿಲ್ಲ, ಆದರೆ ಈ ಸಂಬಂಧ ಆಗುವುದಿಲ್ಲ ಎಂದರು. ಕೈ ಮುಗಿದು ಎದ್ದು ನಿಂತರು. ಅವರ ಹೆಂಡತಿ ತಲೆ ತಗ್ಗಿಸಿ ಹಿಂದೆ ನಡೆದರು. ದೇಚು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೊಬೈಲು ಬಂದ್ ಮಾಡಿದಳು. ಚೆಂಗಪ್ಪನವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆ ಮನೆಯ ದುಃಖದಲ್ಲಿ ನಾನೂ ಅತ್ತೆ, ಖಾಲಿ ಬಟ್ಟಲುಗಳನ್ನು ತೊಳೆದಿಟ್ಟೆ, ಮನೆಗೆ ಬಂದು ಮಲಗಿದೆ. ಮೂತ್ರದ ನೆನಪು ಯಾರಿಗಿತ್ತು?

ಮರುದಿನ ಬತ್ರಾ ಮನೆಯಲ್ಲಿ ನಡೆದದ್ದನ್ನು ಆಮೇಲೆ ಸಾಹಿಲ್ ಎಷ್ಟು ಸಲ ಹೇಳಿದ್ದಾನೋ, ಪ್ರತಿ ಸಲವೂ ನಾನು ಮೊದಲ ಸಲದಂತೆ ಕೇಳುತ್ತೇನೆ. ಬೆಳಿಗ್ಗೆ ಅಪ್ಪ ಚಹಾ ತಣ್ಣಗಾಗಿದೆ ಎಂದು ಕೂಗಲಿಲ್ಲವಂತೆ. ತಣ್ಣಗಿದ್ದದ್ದನ್ನೇ ಕುಡಿದು, ಬಹಳ ಚೆನ್ನಾಗಿದೆ ಎಂದರಂತೆ. ಅಮ್ಮ ಕೊಲೆಸ್ಟ್ರಾಲಿನ ಮಾತೆತ್ತದೆ ಪರೋಟದ ಮೇಲೆ ಇಷ್ಟಗಲ ಬೆಣ್ಣೆ ಇಟ್ಟಳಂತೆ. ಅಪ್ಪ ಪೇಪರನ್ನು ಮೊದಲು ಅಮ್ಮನಿಗೆ ಕೊಟ್ಟರು, ಅಮ್ಮ ಅಪ್ಪನ ಭುಜದ ಮೇಲೆ ಕೈ ಇಟ್ಟಳು. ಮೂವತ್ತು ವರ್ಷದಲ್ಲಿ ನೋಡದ್ದನ್ನೆಲ್ಲ ಆ ಅರ್ಧ ಗಂಟೆಯಲ್ಲಿ ನೋಡಿ ಸಾಹಿಲ್‌ಗೆ ಗಾಬರಿಯಾಯಿತು. ಇಬ್ಬರೂ ತಾವೊಬ್ಬರೇ ಸಾಯುತ್ತಿದ್ದೇವೆಂದು ತಿಳಿದಿದ್ದರು. ಇನ್ನೊಬ್ಬರಿಗೆ ನೋವಾದೀತೆಂದು ಬಾಯಿ ಬಿಟ್ಟಿರಲಿಲ್ಲ. ಪರೋಟ ಮುಗಿಸಿ, ಕೈ ಒರೆಸಿಕೊಂಡು, ಬತ್ರಾಜಿ ಮಗನನ್ನು ಕರೆದು, ಆ ಹುಡುಗಿಯನ್ನೇ ಮದುವೆಯಾಗು, ನನ್ನದೇನೂ ಅಡ್ಡಿಯಿಲ್ಲ, ಬೇಗ ಆಗಲಿ ಎಂದರು. ಬೇಗ ಎನ್ನುವುದನ್ನು ಎರಡು ಸಲ ಹೇಳಿದರಂತೆ.

ಎಂಟೂವರೆಗೆ ನಮ್ಮ ತಲೆಯ ಮೇಲೆ ಯಾರೋ ಕುಣಿಯುವ ಸದ್ದು. ಓಡಿ ಮೇಲೆ ಹೋದರೆ, ಬೊಳ್ಳಮ್ಮನ ಫೋನಿಗೆ ಬಂದ ಸಾಹಿಲ್‌ನ ಸುದ್ದಿ ಕೇಳಿ ದೇಚು ಅಮ್ಮನನ್ನು ಎತ್ತಿ ತಿರುಗಿಸುತ್ತಿದ್ದಳು. ಚೆಂಗಪ್ಪನವರು ಬನಿಯನ್ನಿನಲ್ಲೇ ಜಿಲೇಬಿ ತರಲು ಹೊರಟಿದ್ದರು. ಅವರು ಬನಿಯನ್ನಿನಲ್ಲಿ ಮೆಟ್ಟಿಲು ಇಳಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ಬೊಳ್ಳಮ್ಮ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಇದ್ದಕ್ಕಿದ್ದ ಹಾಗೆ ಬತ್ರಾಜಿಯವರ ಮನಸ್ಸು ತಿರುಗಿದ್ದು ಹೇಗೆ ಎಂದು ಕೇಳಿದೆ. ಗೊತ್ತಿಲ್ಲ ಆಂಟಿ, ಪಾಪಾ ಬೆಳಿಗ್ಗೆಯಿಂದ ಬಹಳ ಚುಪ್ ಆಗಿದ್ದಾರಂತೆ, ಬಾತ್‌ರೂಮಿನಿಂದ ಬರುವಾಗ ಮುಖ ಬಿಳಿಚಿಕೊಂಡಿತ್ತಂತೆ, ಈಗ ಸ್ಕೂಟರ್ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗಿದ್ದಾರಂತೆ, ಮಮ್ಮಿಯೂ ಹಿಂದೆಯೇ ರಿಕ್ಷಾದಲ್ಲಿ ಹೋದರಂತೆ ಎಂದು ದೇಚು ನಗುತ್ತಲೇ ಹೇಳಿದಳು.

ಬಾಯಲ್ಲಿದ್ದ ಸಕ್ಕರೆ ಹಾಗೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಮುಖದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ಬೊಳ್ಳಮ್ಮ ನನ್ನನ್ನು ನೋಡಿದರು. ಬತ್ರಾಜಿಯ ಹೆಂಡತಿಗೆ ಹೇಳಿದ್ದೀಯ ತಾನೆ ಎಂದು ಕೇಳಿದರು. ಹೇಳಿರಲಿಲ್ಲ ಎಂದೆ. ಜಿಲೇಬಿ ತರಲು ಹೊರಟ ಚೆಂಗಪ್ಪನವರು ಮೆಟ್ಟಿಲಿನಿಂದ ತಿರುಗಿ ಬಂದರು.

ಮೊದಲು ಮಾತಾಡಿದವಳು ದೇಚು. "ಆಂಟಿ, ಯೇ ಬಾತ್ ಇಲ್ಲೇ ಇರ್ಲಿ ಪ್ಲೀಸ್. ಟೆಸ್ಟಿಗೇ ಹೋಗಿರ್ತಾರೆ, ಸಂಜೆ ರಿಪೋರ್ಟ್ ನಾರ್ಮಲ್ ಬರುತ್ತೆ, ಅವ್ರೂ ಖುಷ್, ನಾವೂ ಖುಷ್. ಯಾರಿಗೆ ಏನ್ ನುಕ್ಸಾನ್?"

ನನಗೂ ಹಾಗೇ ಅನ್ನಿಸಿತು, ಸುಳ್ಳು ಏಕೆ ಹೇಳಲಿ. ಬೊಳ್ಳಮ್ಮ ಗಂಡನ ಮುಖ ನೋಡಿದರು. ಚೆಂಗಪ್ಪನವರು ಒಳಗೆ ಹೋದರು. ಹೊರಬಂದಾಗ ಇಸ್ತ್ರಿ ಅಂಗಿ, ಕೋಟು, ಹೊಳೆಯುವ ಶೂ. ಮಗಳ ಮುಂದೆ ನಿಂತು ಅವಳ ತಲೆಯ ಮೇಲೆ ಕೈ ಇಟ್ಟರು.

"ಅವ್ರು ಸಾಯ್ತೀನಿ ಅಂತ ಹೆದರಿ ಕೂತಿದಾರೆ, ಮಗಳೇ. ಹೆದರಿದವ್ನ ಕೈಯಿಂದ ಒಪ್ಪಿಗೆ ಕಿತ್ಕೊಂಡು ನಿನ್ನ ಆ ಮನೆಗೆ ಕಳಿಸ್ಲಾ?"

ದೇಚು ಅಳಲಿಲ್ಲ. ಅಪ್ಪನ ಕೋಟಿನ ಗುಂಡಿ ಹಾಕಿದಳು. ನನಗೆ ಆ ಹುಡುಗಿಯ ಮೇಲೆ ಆ ಕ್ಷಣ ಬಂದ ಪ್ರೀತಿಯನ್ನು ಇನ್ನೂ ಹೇಗೆ ಬರೆಯಬೇಕೆಂದು ಗೊತ್ತಿಲ್ಲ. ಚೆಂಗಪ್ಪನವರು ನನ್ನ ಕಡೆ ತಿರುಗಿ, ಚಲೋ ಎಂದರು. ಅಪರಾಧಿ ಜೊತೆಯಲ್ಲಿರಬೇಕಲ್ಲ.

ಮಾರ್ಕೆಟ್ಟಿನ ರಕ್ತಪರೀಕ್ಷೆಯ ಲ್ಯಾಬಿನ ಮುಂದೆ ಬತ್ರಾಜಿಯ ಸ್ಕೂಟರ್ ಇತ್ತು. ಒಳಗೆ ಉದ್ದನೆಯ ಬೆಂಚಿನ ಮೇಲೆ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು. ಸ್ವಲ್ಪ ಮುಂಚೆ ಅಲ್ಲೇ ಎದುರಾಬದುರಾಗಿದ್ದರಂತೆ. ನೀನೇಕೆ ಇಲ್ಲಿ ಎಂದು ಅವರು, ನೀವೇಕೆ ಎಂದು ಈಕೆ. ಶುಗರ್ ಎಂದು ಅವರು, ನನಗೂ ಶುಗರ್ ಎಂದು ಈಕೆ. ಆಮೇಲೆ ಆಕೆಯ ಕೈಚೀಲದಿಂದ ಕರವಸ್ತ್ರ ಸುತ್ತಿದ ಡಬ್ಬಿ ಇಣುಕಿತಂತೆ, ಬತ್ರಾಜಿಯ ಜೇಬಿನಿಂದಲೂ ಅಂಥದ್ದೇ ಡಬ್ಬಿ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಇಬ್ಬರೂ ಅಲ್ಲೇ ಕೂತುಬಿಟ್ಟಿದ್ದರು. ನಾವು ಹೋದಾಗ ಬತ್ರಾಜಿ ಹೆಂಡತಿಯ ಕೈ ಹಿಡಿದಿದ್ದರು. ಆ ದೊಡ್ಡ ಮೀಸೆ ಸೋತುಹೋಗಿತ್ತು.

ಚೆಂಗಪ್ಪನವರು ನೆಟ್ಟಗೆ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವಂತೆ, ಸೊಪ್ಪು, ಪಾಯಸ, ಬಣ್ಣ ಎಲ್ಲವನ್ನೂ ಹೇಳಿದರು. ತಿಳಿಸದೆ ಹೋದದ್ದು ತಮ್ಮ ಮನೆಯ ತಪ್ಪು ಎಂದರು. ನನ್ನ ಹೆಸರನ್ನು ಎತ್ತಲೇ ಇಲ್ಲ. ನಾನೇ ತಡೆಯಲಾರದೆ ಮುಂದೆ ಬಂದು, ಗಾಡಿ ಭಯ್ಯಾಗಳ ಹಿಂದಿಯಲ್ಲಿ, ಹೇಳಬೇಕಾದವಳು ನಾನು, ನಾಚಿಕೆಯಲ್ಲಿ ಹೇಳಲಿಲ್ಲ ಎಂದೆ. ಕೊನೆಗೆ ಚೆಂಗಪ್ಪನವರು, ಬೆಳಿಗ್ಗೆ ನೀವು ಕೊಟ್ಟ ಮಾತು ನಮಗೆ ಲೆಕ್ಕಕ್ಕಿಲ್ಲ, ವಾಪಸ್ ತೆಗೆದುಕೊಳ್ಳಿ ಎಂದು ಕೈ ಮುಗಿದರು.

ಬತ್ರಾಜಿಯ ಹೆಂಡತಿ ಮೊದಲು ಸಣ್ಣಗೆ ನಕ್ಕರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬತ್ರಾಜಿ ನಗಲಿಲ್ಲ. ಎರಡೂ ಡಬ್ಬಿಗಳನ್ನು ತೆಗೆದು ಕಸದ ಬುಟ್ಟಿಗೆ ಹಾಕಿ, ನಮ್ಮ ಕಡೆ ನೋಡದೆ ಸ್ಕೂಟರ್ ಹತ್ತಿ ಹೊರಟುಹೋದರು.

ಆ ದಿನ ಮೇಲಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾನು ಹೋಟೆಲಿನಿಂದ ಇಡ್ಲಿ ತರಿಸಿಕೊಟ್ಟೆ, ಯಾರೂ ಮುಟ್ಟಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವಳು ನಾನೇ ಎಂದು ಒಂದು ಮೂಲೆ ಹಿಡಿದು ಕೂತೆ. ಸಂಜೆ ಆರಕ್ಕೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಬತ್ರಾ ದಂಪತಿ, ಹಿಂದೆ ಸಾಹಿಲ್. ಈ ಸಲ ಬತ್ರಾಜಿ ಸೋಫಾದ ತುದಿಯಲ್ಲಿ ಕೂರಲಿಲ್ಲ, ಪೂರ್ತಿ ಒರಗಿ ಕೂತರು. ಅವರು ಹೇಳಿದ್ದು ಹಿಂದಿಯಲ್ಲಿ. ನಾನು ನನ್ನ ಭಾಷೆಯಲ್ಲಿ ಬರೆಯುತ್ತೇನೆ.

"ನಿನ್ನೆ ಇನ್ನೂ ಇಪ್ಪತ್ತು ವರ್ಷ ಬದುಕ್ತೀನಿ ಅಂದ್ಕೊಂಡು ಬೇಡ ಅಂದೆ, ಸುಬೇದಾರ್ ಸಾಬ್. ಇವತ್ತು ಬೆಳಿಗ್ಗೆ ಇನ್ನು ಎರಡೇ ತಿಂಗಳು ಅಂದ್ಕೊಂಡು ಆಗ್ಲಿ ಅಂದೆ. ಮಧ್ಯಾಹ್ನ ಎಲ್ಲಾ ಕೂತು ಯೋಚಿಸಿದೆ. ಇಬ್ಬರಲ್ಲಿ ಎರಡು ತಿಂಗಳಿನವನೇ ಬುದ್ಧಿವಂತ."

ಆಮೇಲೆ ದೇಚು ಕಡೆ ತಿರುಗಿ, ನಿನ್ನೆಯ ಪಾಯಸ ಉಳಿದಿದೆಯೇ ಎಂದು ಕೇಳಿದರು. ಎಲ್ಲರೂ ಒಟ್ಟಿಗೆ ಅತ್ತರು, ಒಟ್ಟಿಗೆ ನಕ್ಕರು. ಆ ಗದ್ದಲದಲ್ಲಿ ನಾನು ತರಿಸಿದ್ದ ತಣ್ಣನೆಯ ಇಡ್ಲಿಗಳೆಲ್ಲ ಖಾಲಿಯಾದವು.

ಮದುವೆಯಾಗಿ ಮೂರೂವರೆ ವರ್ಷ. ದೇಚು ಅತ್ತೆಯ ಮನೆಯ ಅಡುಗೆಮನೆಯಲ್ಲಿ ಹಂದಿಯನ್ನು ಬೇಯಿಸುವುದಿಲ್ಲ, ಅಮ್ಮನ ಮನೆಗೆ ಬಂದು ತಿಂದು ಹೋಗುತ್ತಾಳೆ. ಜಗಳಗಳಿಲ್ಲವೆಂದಲ್ಲ, ಬೀಗರಿಬ್ಬರೂ ರಾಜಕೀಯದ ಮಾತೆತ್ತಿದರೆ ನಾವು ಕಿಟಕಿ ಮುಚ್ಚುತ್ತೇವೆ. ಆದರೆ ಕಕ್ಕಡ ಹದಿನೆಂಟಕ್ಕೆ ಬತ್ರಾಜಿ ಬೆಳಿಗ್ಗೆ ಹತ್ತಕ್ಕೇ ಹಾಜರು. ಪಾಯಸ ಹಂಚುವ ಮುನ್ನ ಮನೆಮನೆಗೆ ಹೋಗಿ ಮರುದಿನದ ವಿಷಯ ತಿಳಿಸುವ ಕೆಲಸವನ್ನು ನನ್ನಿಂದ ಕಿತ್ತು ತಾವೇ ವಹಿಸಿಕೊಂಡಿದ್ದಾರೆ. ದೊಡ್ಡ ದನಿಯಲ್ಲಿ, ಯಾವ ನಾಚಿಕೆಯೂ ಇಲ್ಲದೆ, ಮೆಟ್ಟಿಲಲ್ಲೇ ನಿಂತು ಸಾರುತ್ತಾರೆ.

ಈ ಹೊತ್ತೂ ಹಾಗೇ ಆಯಿತು. ಗುಪ್ತಾಜಿಗೆ ಹೇಳಿದರು, ಅವರು ಕಲ್ಲಂಗಡಿ ಬಿಟ್ಟು ಇದನ್ನು ಗುಂಪಿನಲ್ಲಿ ಹಾಕಲು ಹೊರಟಾಗ ಬತ್ರಾಜಿ ಗದರಿಸಿ ತಡೆದರು. ನನಗೂ ಒಮ್ಮೆ ಹೇಳಿದರು. ಆಮೇಲೆ ಬೊಳ್ಳಮ್ಮ ಕೊಟ್ಟ ಬಟ್ಟಲುಗಳ ತಟ್ಟೆ ಹಿಡಿದು ನಾನೂ ಬತ್ರಾಜಿಯೂ ಮೂರನೇ ಮಹಡಿಗೆ ಹತ್ತಿದೆವು. ಅಲ್ಲಿಗೆ ಮಿಶ್ರಾ ಎನ್ನುವವರು ಬಂದು ಎರಡು ತಿಂಗಳಾಯಿತು. ಒಳ್ಳೆಯ ಮನುಷ್ಯ. ಪಕ್ಕದ ರೋಹಿಣಿಯಲ್ಲೇ ಒಡಹುಟ್ಟಿದ ತಮ್ಮನಿದ್ದಾನೆ, ಆರು ವರ್ಷದಿಂದ ಮಾತಿಲ್ಲ. ತಮ್ಮ ರಾಖಿ ಹಬ್ಬಕ್ಕೆ ತಂಗಿಯ ಮನೆಗೆ ಬೆಳಿಗ್ಗೆ ಹೋದರೆ ಈತ ಸಂಜೆ ಹೋಗುತ್ತಾರೆ. ಏಕೆಂದು ಕೇಳಿದರೆ, ಇನ್ನೂ ಟೈಮಿದೆ, ಅವನೇ ಬರಲಿ ಬಿಡಿ ಎನ್ನುತ್ತಾರೆ.

ಮಿಶ್ರಾಜಿ ಬಾಗಿಲು ತೆಗೆದರು. ಬತ್ರಾಜಿ ಒಂದಲ್ಲ, ಎರಡು ಬಟ್ಟಲು ಎತ್ತಿ ಅವರ ಕೈಗಿಟ್ಟು, ಇವತ್ತೇ ತಿನ್ನಬೇಕು, ಉಳಿಸಬಾರದು ಎಂದರು. ನಾನು ಮುಂದಿನ ಮಾತಿಗಾಗಿ ಕಾದೆ. ಬತ್ರಾಜಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಬಾಯಿ ಚುರುಕಿನವಳು ನಾನು. ನನ್ನ ಹಿಂದಿ ಈಗ ಮೊದಲಿಗಿಂತ ಎಷ್ಟೋ ವಾಸಿ.

ರುಚಿ ಹೇಗಿದೆಯೆಂದು ಆಮೇಲೆ ಹೇಳಿ ಎಂದಷ್ಟೇ ಹೇಳಿ, ಖಾಲಿ ತಟ್ಟೆ ಹಿಡಿದು ಮೆಟ್ಟಿಲಿಳಿದೆ. ನಾಳೆ ಒಂಬತ್ತು ಗಂಟೆಗೆ ಹೋಗಿ ಎಲ್ಲ ತಿಳಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಒಂಬತ್ತಕ್ಕಿಂತ ಮುಂಚೆ ಬೇಡ ಎಂದು ಬತ್ರಾಜಿ ಹೇಳಿದ್ದಾರೆ. ಮನುಷ್ಯನಿಗೆ ತಮ್ಮನ ಫೋನು ನಂಬರು ಹುಡುಕಲು ಅಷ್ಟಾದರೂ ಸಮಯ ಬೇಕು.